ಬ್ಲಾಕ್ ಕೋಪಾಲಿಮರ್‌ನಿಂದ ನ್ಯಾನೋ ಕಾರ್ಬನ್: 800 ಡಿಗ್ರಿ ದಾಟಿದ ಮೇಲೆ ರಂಧ್ರಗಳೇ ಉಳಿದಿಲ್ಲ

ಪ್ರಶ್ನೆ

ಸಣ್ಣ ರಂಧ್ರಗಳಿರುವ ಕಾರ್ಬನ್ ಬೇಕಿತ್ತು. ತೆಗೆದುಕೊಂಡದ್ದು ರಾಫ್ಟ್ ವಿಧಾನದಲ್ಲಿ (ಸರಪಳಿಯ ಉದ್ದವನ್ನು ಹತೋಟಿಯಲ್ಲಿಟ್ಟು ಪಾಲಿಮರ್ ಬೆಳೆಸುವ ಕ್ರಮ) ಮಾಡಿದ ಬ್ಲಾಕ್ ಕೋಪಾಲಿಮರ್, ಅಂದರೆ ಎರಡು ಬೇರೆ ಪಾಲಿಮರ್ ತುಂಡುಗಳು (ಬ್ಲಾಕ್) ತುದಿಗೆ ತುದಿ ಸೇರಿದ ಸರಪಳಿ: ಪಾಲಿಬ್ಯುಟೈಲ್ ಅಕ್ರಿಲೇಟ್–ಪಾಲಿಅಕ್ರಿಲೋನೈಟ್ರೈಲ್ (ಪಿಬಿಎ–ಪ್ಯಾನ್). ಎರಡೂ ಬ್ಲಾಕ್‌ನ ಅಣುತೂಕ ಸುಮಾರು 12,000. 3 ಗ್ರಾಂ ಪುಡಿ ಕ್ರೂಸಿಬಲ್‌ನಲ್ಲಿ. ಗಾಳಿಯಲ್ಲಿ 200 °ಸೆ., 1 ಗಂಟೆ. ಆಮೇಲೆ ನೈಟ್ರೋಜನ್‌ನಲ್ಲಿ ನಿಮಿಷಕ್ಕೆ 10 ಡಿಗ್ರಿಯಂತೆ 800ರವರೆಗೆ. ಸಿಕ್ಕಿದ್ದು ಉಕ್ಕಿ ಗಟ್ಟಿಯಾದ ಬೆಲ್ಲದ ಪಾಕದಂಥ ಹೊಳೆಯುವ ಕರಿ ಉಂಡೆ. ಬಿಇಟಿ (ಅನಿಲ ಅಂಟಿಸಿ ಅಳೆಯುವ ಮೇಲ್ಮೈ ವಿಸ್ತೀರ್ಣ) ಬರೀ 30 ಚ.ಮೀ./ಗ್ರಾಂ. ಪಾಲಿಮರ್‌ನ ಜಿಪಿಸಿಯಲ್ಲಿ (ಸರಪಳಿಗಳನ್ನು ಗಾತ್ರದಂತೆ ಬೇರ್ಪಡಿಸುವ ಪರೀಕ್ಷೆ) ಮುಖ್ಯ ಶಿಖರದ ಪಕ್ಕ, ಕಡಿಮೆ ತೂಕದ ಕಡೆ ಒಂದು ಭುಜವೂ ಕಾಣುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ 1

ಹೊಳಪು ಮತ್ತು ಉಬ್ಬು, ಎರಡೂ ಒಂದೇ ಮಾತು ಹೇಳುತ್ತವೆ: ಪ್ಯಾನ್ ಗಟ್ಟಿಯಾಗುವ ಮೊದಲೇ ಮೆತ್ತಗಾಗಿ ಹರಿದಿದೆ. ಪಿಬಿಎ ಕೋಣೆಯ ತಾಪದಲ್ಲೇ ಮೆದು. ಆಕಾರ ಹಿಡಿದಿಡುವುದು ಪ್ಯಾನ್ ಗೋಡೆ ಮಾತ್ರ. ಆ ಗೋಡೆಯ ನೈಟ್ರೈಲ್ ಗುಂಪುಗಳು ಉಂಗುರ ಕಟ್ಟಿ ಏಣಿಯಂಥ ರಚನೆಯಾದ ಮೇಲೆಯೇ ಪಿಬಿಎ ಆವಿಯಾಗಿ ಹೋಗಬೇಕು. 200ರಲ್ಲಿ ಒಂದು ಗಂಟೆ ಅದಕ್ಕೆ ಏನೂ ಸಾಲದು.

ಗಾಳಿಯ ಹರಿವಿನಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ 280ಕ್ಕೆ ಏರಿಸಿ, ಅಲ್ಲಿ 2 ಗಂಟೆ ನಿಲ್ಲಿಸಿ. ಪುಡಿ ಗುಡ್ಡೆಯಾಗಿರಬಾರದು. ಉಂಗುರ ಕಟ್ಟುವಾಗ ಬಹಳ ಶಾಖ ಬಿಡುತ್ತದೆ, 3 ಗ್ರಾಂ ಒಂದೇ ಕಡೆ ಇದ್ದರೆ ಒಳಭಾಗ ಕುಲುಮೆಯ ತಾಪಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಅಗಲದ ಸೆರಾಮಿಕ್ ದೋಣಿಯಲ್ಲಿ 1 ಮಿ.ಮೀ.ಗಿಂತ ತೆಳುವಾಗಿ ಹರಡಿ.

ಮುಂದೆ ಹೋಗುವ ಮುನ್ನ ಎರಡು ಪರೀಕ್ಷೆ ತಪ್ಪಿಸಬೇಡಿ. ಎಫ್‌ಟಿಐಆರ್‌ನಲ್ಲಿ (ಅವಕೆಂಪು ರೋಹಿತ) 2,240 ಸೆಂ.ಮೀ.⁻¹ರ ನೈಟ್ರೈಲ್ ಪಟ್ಟಿ ಕುಗ್ಗಿ 1,590ರ ಹತ್ತಿರ ಅಗಲದ ಪಟ್ಟಿ ಎದ್ದಿರಬೇಕು. ಜೊತೆಗೆ ಒಂದು ಚೂರನ್ನು ಪ್ಯಾನ್ ಕರಗಿಸುವ ದ್ರಾವಕವಾದ ಬಿಸಿ ಡಿಎಂಎಫ್‌ನಲ್ಲಿ ರಾತ್ರಿಯಿಡೀ ಬಿಡಿ: ದ್ರಾವಣ ಕಂದು ಬಣ್ಣಕ್ಕೆ ತಿರುಗಿದರೆ ಇನ್ನೂ ಬೆಂದಿಲ್ಲ.

ಉತ್ತರ 2

ಅದು ಸರಿ, ಆದರೆ ಕುಲುಮೆ ಸರಿಮಾಡಿದರೂ ಈ ಪಾಲಿಮರ್‌ನಿಂದ ಒಳ್ಳೆಯ ರಂಧ್ರ ಬರುವುದು ಕಷ್ಟ. ಸಮ ತೂಕ ಎಂದರೆ ಪ್ಯಾನ್ ಹೆಚ್ಚುಕಡಿಮೆ ಅರ್ಧ ಗಾತ್ರ. ಪದರ ಪದರವಾದ ರಚನೆಯತ್ತ ವಾಲುತ್ತದೆ. ನಡುವಿನ ಪದರ ಹೋದರೆ ಉಳಿದವು ಒಂದರ ಮೇಲೊಂದು ಕೂರುತ್ತವೆ. ಪ್ಯಾನ್ ಗಾತ್ರದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟಿರಲಿ: ಪಿಬಿಎ 8,000, ಪ್ಯಾನ್ 16,000 (ಸುಮಾರು 300 ಘಟಕ).

ಭುಜದ ವಿಷಯ: ಜಿಪಿಸಿಯ ಯುವಿ (ನೇರಳಾತೀತ) ಡಿಟೆಕ್ಟರನ್ನು 310 ನ್ಯಾ.ಮೀ.ಗೆ ಇಟ್ಟು ನೋಡಿ. ಆರ್‌ಐನಲ್ಲಿ (ಎಲ್ಲ ಸರಪಳಿ ತೋರಿಸುವ ವಕ್ರೀಭವನ ಡಿಟೆಕ್ಟರ್) ಕಾಣುವ ಭುಜ ಯುವಿಯಲ್ಲಿ ಇಲ್ಲದಿದ್ದರೆ, ಅವು ಟ್ರೈಥಯೋಕಾರ್ಬೊನೇಟ್ ತುದಿ (ಸರಪಳಿ ಮುಂದೆ ಬೆಳೆಯಲು ಬೇಕಾದ ರಾಫ್ಟ್ ಗುಂಪು) ಕಳೆದುಕೊಂಡ ಸತ್ತ ಪಿಬಿಎ ಸರಪಳಿಗಳು. ಅವು ಪಿಬಿಎ ವಲಯಕ್ಕೆ ಸೇರಿ ಅದನ್ನು ಊದಿಸುತ್ತವೆ. ಮೊದಲ ಹಂತವನ್ನು 70% ಪರಿವರ್ತನೆಯೊಳಗೇ ನಿಲ್ಲಿಸಿ, ಎಐಬಿಎನ್ (ಕ್ರಿಯೆ ಶುರುಮಾಡುವ ಪದಾರ್ಥ) ಮೋಲ್ ಲೆಕ್ಕದಲ್ಲಿ ರಾಫ್ಟ್ ಏಜೆಂಟ್‌ನ ಹತ್ತನೇ ಒಂದು ಪಾಲು ಮೀರದಿರಲಿ.

ಎರಡನೇ ಹಂತಕ್ಕೆ: ಪಿಬಿಎ 2 ಗ್ರಾಂ, ಅಲ್ಯುಮಿನಾ ಮೂಲಕ ಹಾಯಿಸಿದ ಅಕ್ರಿಲೋನೈಟ್ರೈಲ್ 8.2 ಮಿ.ಲೀ., ಎಐಬಿಎನ್ 4 ಮಿ.ಗ್ರಾಂ, ದ್ರಾವಕವಾಗಿ ಡಿಎಂಎಸ್‌ಒ 15 ಮಿ.ಲೀ. ಹೆಪ್ಪುಗಟ್ಟಿಸಿ-ನಿರ್ವಾತ-ಕರಗಿಸುವ ಚಕ್ರ ಮೂರು ಬಾರಿ, ಆಮೇಲೆ 65 °ಸೆ. ಎನ್‌ಎಂಆರ್‌ನಲ್ಲಿ ಪರಿವರ್ತನೆ 60% ತಲುಪಿದಾಗ ತಣ್ಣಗಾಗಿಸಿ. ಜಿಪಿಸಿ ಪಾಲಿಸ್ಟೈರೀನ್ ಮಾನಕಗಳ ಮೇಲಿದ್ದರೆ ಪ್ಯಾನ್ ತೂಕ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಅನುಪಾತಕ್ಕೆ ಎನ್‌ಎಂಆರ್ ನಂಬಿ.

ಪ್ರಶ್ನೆ ಕೇಳಿದವರು

ಯುವಿಯಲ್ಲಿ ಭುಜ ಇಲ್ಲ, ಸತ್ತ ಸರಪಳಿಯೇ. ಹಾಗಾದರೆ 280ರಲ್ಲಿ 2 ಗಂಟೆ ಬದಲು 6 ಗಂಟೆ ಇಟ್ಟರೆ ಇನ್ನೂ ಗಟ್ಟಿಯಾಗುತ್ತದೆಯೇ?

ಉತ್ತರ 1

ಬೇಡ. ಆಮ್ಲಜನಕ ಅತಿಯಾಗಿ ಸೇರಿದರೆ 800ರಲ್ಲಿ ಅದು ಕಾರ್ಬನ್ನನ್ನೇ ಇಂಗಾಲದ ಆಕ್ಸೈಡ್‌ಗಳಾಗಿ ಹೊತ್ತೊಯ್ಯುತ್ತದೆ, ಇಳುವರಿ ಬೀಳುತ್ತದೆ. ಡಿಎಂಎಫ್ ಪರೀಕ್ಷೆ ದಾಟಿದ ಕೂಡಲೇ ನಿಲ್ಲಿಸಿ. ತಣ್ಣಗಾದ ಟ್ಯೂಬ್‌ಗೆ ಒಂದು ಗಂಟೆ ನೈಟ್ರೋಜನ್ ಹಾಯಿಸಿದ ಮೇಲೆಯೇ ಮತ್ತೆ ಬಿಸಿ ಮಾಡಿ.

ಇನ್ನೊಂದು, ಇದು ಎಲ್ಲಕ್ಕಿಂತ ಮುಖ್ಯ: ಎರಡೂ ಹಂತದಲ್ಲಿ ಹೈಡ್ರೋಜನ್ ಸಯನೈಡ್ (ಮಾರಕ ವಿಷಾನಿಲ) ಹೊರಬರುತ್ತದೆ. ಟ್ಯೂಬಿನಿಂದ ಹೊರಬರುವ ಗಾಳಿಯನ್ನು ಮೊದಲು ಒಂದು ಖಾಲಿ ಬಾಟಲಿ, ಆಮೇಲೆ 10% ಸೋಡಿಯಂ ಹೈಡ್ರಾಕ್ಸೈಡ್‌ನ ಎರಡು ಬಾಟಲಿ ದಾಟಿ ಫ್ಯೂಮ್ ಹುಡ್‌ನೊಳಗೇ ಬಿಡಬೇಕು. ಆ ದ್ರಾವಣಕ್ಕೆ ಆಮ್ಲ ತಾಗಲೇಬಾರದು. ಪಿಬಿಎಯ ಟಾರ್ ಟ್ಯೂಬಿನ ತಣ್ಣನೆ ತುದಿಯಲ್ಲಿ ಕಟ್ಟಿಕೊಂಡು ದಾರಿ ಮುಚ್ಚುತ್ತದೆ, ಪ್ರತಿ ಸುತ್ತಿಗೂ ಒರೆಸಿ. ಬಾಟಲಿಯಲ್ಲಿ ಗುಳ್ಳೆ ನಿಂತಿದೆ ಎಂದರೆ ಒಳಗೆ ಒತ್ತಡ ಏರುತ್ತಿರಬಹುದು.