ಸಹಾಯ ಬೇಕು: ಟೆಂಟಿನ ಒಳಲೇಪ ಜಿಗುಟಾಗಿದೆ, ಮತ್ತೆ ಬಳಿಯಬಹುದೇ?

ಮಡಿಕೇರಿಯಲ್ಲಿರುವ, ಮೂವರು ಮಲಗುವ ಡೋಮ್ ಟೆಂಟ್. ಹೊರಹೊದಿಕೆ ಪಾಲಿಯೆಸ್ಟರ್, ಒಳಮೈಗೆ ನೀರು ತಡೆಯುವ ಪಿಯು (ಪಾಲಿಯುರೆಥೇನ್) ಲೇಪ. ಚೀಟಿಯಲ್ಲಿ 3000 ಮಿ.ಮೀ. (ಬಟ್ಟೆ ತಡೆಯುವ ನೀರಿನ ಕಂಬದ ಎತ್ತರ) ಎಂದಿದೆ. ಈಗ ಮಡಿಕೆಗಳು ಬಿಡಿಸುವಾಗ ಪರಪರ ಎನ್ನುತ್ತವೆ, ಲೇಪ ಬೆರಳಿಗೆ ಅಂಟುತ್ತದೆ, ಹುಳಿ ವಾಸನೆ ಬೇರೆ. ತೇವ ಮತ್ತು ಸೆಕೆಗೆ ಪಿಯು ಒಡೆದುಹೋದ ಲಕ್ಷಣವಿದು, ಬೂಷ್ಟಲ್ಲ. ಒಳಗಿನ ಹನಿಗಳು ಉಸಿರಿನ ತೇವವೂ ಅಲ್ಲ: ಖಾಲಿ ಟೆಂಟಿನ ಮೇಲೆ ಪೈಪಿನಿಂದ 10 ನಿಮಿಷ ನೀರು ಬಿಟ್ಟಾಗ ಮಧ್ಯದ ಬಟ್ಟೆಯಿಂದಲೇ ಜಿನುಗಿತು. ಹೊಲಿಗೆಯ ಟೇಪು ಎರಡು ಕಡೆ ಎದ್ದಿದೆ. ಅದನ್ನು ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪಿಯು ಸೀಮ್ ಸೀಲರ್ (ಹೊಲಿಗೆಯ ತೂತು ಮುಚ್ಚುವ ಅಂಟು) ಹಚ್ಚುವುದು ಗೊತ್ತಿದೆ. ಕಂಬ, ಜಿಪ್ಪು, ನೆಲಹಾಸು ಗಟ್ಟಿಯಾಗಿವೆ.

ಗೊಂದಲ ಬಟ್ಟೆಯದ್ದು. ಹಳೆಯ ಲೇಪದ ಮೇಲೆಯೇ ಬಳಿದರೆ ಹೊಸದು ಅದರ ಜೊತೆಗೇ ಸುಲಿದು ಬರುತ್ತದೆ, ಹಾಗಾಗಿ ಪೂರ್ತಿ ತೆಗೆಯಲೇಬೇಕು. ಬಿಸಿನೀರು, ಅಡುಗೆ ಸೋಡಾ, ಮೆತ್ತನೆಯ ಬ್ರಷ್ ಸಾಕೇ? ಅಥವಾ ಬಟ್ಟೆಗೆ ಪೆಟ್ಟಾಗದ ಬೇರೆ ದ್ರಾವಣ ಬಳಸಿದವರಿದ್ದೀರಾ?

ಆಮೇಲೆ ಬರಿಯ ಪಾಲಿಯೆಸ್ಟರ್‌ಗೆ ಏನು ಬಳಿಯಲಿ? ನೀರು ಆಧಾರಿತ ಪಿಯು ಲೇಪವೋ, ಮಿನರಲ್ ಟರ್ಪೆಂಟೈನ್‌ನಲ್ಲಿ ಕರಗಿಸಿದ ಸಿಲಿಕೋನ್ ಸೀಲಂಟೋ? ಸಿಲಿಕೋನ್ ಒಮ್ಮೆ ಹಿಡಿದರೆ ಅದರ ಮೇಲೆ ಪಿಯು ಆಗಲಿ, ಟೇಪಾಗಲಿ ಕೂರುವುದಿಲ್ಲ. ಆಯ್ಕೆ ತಪ್ಪಿದರೆ ವಾಪಸು ದಾರಿಯಿಲ್ಲ. ಸಿಲಿಕೋನ್ ಮಾಡಿದವರು ತೂಕದಲ್ಲಿ ಎಷ್ಟಕ್ಕೆಷ್ಟು ಬೆರೆಸಿದಿರಿ, ಒಂದು ಮಳೆಗಾಲ ತಡೆಯಿತೇ, ಹೇಳಿ. ಮೇಲಿಂದ ಸಿಂಪಡಿಸುವ ವಾಟರ್‌ಪ್ರೂಫ್ ಸ್ಪ್ರೇ ಸೂಚಿಸಬೇಡಿ: ಅದು ಹೊರಮೈಯಲ್ಲಿ ನೀರು ಉರುಳುವಂತೆ ಮಾಡುತ್ತದೆ ಅಷ್ಟೇ, ಹೋದ ಒಳಲೇಪಕ್ಕೆ ಬದಲಿಯಲ್ಲ.

ಪಿಯು ಲೇಪ ಬೆಂಗಳೂರು ಅಥವಾ ಮೈಸೂರಿನ ಅಂಗಡಿಗಳಲ್ಲಿ ಸಿಗುವುದಾದರೆ ಡಬ್ಬಿಯ ಅಳತೆ, ಬೆಲೆ ತಿಳಿಸಿ. ಹೊಸ ಹೊರಹೊದಿಕೆ ಹೊಲಿಸುವುದೇ ಅಗ್ಗವೆನಿಸಿದರೆ ಅದನ್ನೂ ಹೇಳಿ.