ಸಾಗರದ ಅಂಗಡಿ ಖಾಲಿ ಮಾಡಿಸುವ ವಿಷಯ: ನಾನು ಕಂಡಿದ್ದು, ನೀವು ಮಾಡಬಹುದಾದದ್ದು

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಸಾಗರದಲ್ಲಿ ಗಂಡ ಹೆಂಡತಿ ಸೇರಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾರುವ ಅಂಗಡಿ ಇಟ್ಟಿದ್ದೀರಿ. ಬಾಡಿಗೆ ಕರಾರು ಹೆಂಡತಿಯಾದ ನಿಮ್ಮ ಹೆಸರಲ್ಲಿದೆ. ಹನ್ನೊಂದು ತಿಂಗಳ ಆ ಕರಾರು ಯಾವತ್ತೋ ಮುಗಿದಿದೆ, ಹೊಸದು ಮಾಡಿಸಿಲ್ಲ. ಬಾಡಿಗೆ ಮಾತ್ರ ಪ್ರತಿ ತಿಂಗಳೂ ಫೋನ್‌ಪೇಯಲ್ಲಿ ಹೋಗುತ್ತಿದೆ. ಅಂಗಡಿಯ ಮಾಲೀಕರು ತೀರಿಕೊಂಡ ಮೇಲೆ ಅವರ ಇಬ್ಬರು ಗಂಡುಮಕ್ಕಳು ಬಂದು, ತಿಂಗಳೊಳಗೆ ಖಾಲಿ ಮಾಡಿ, ಇಲ್ಲಾಂದ್ರೆ ಬೀಗ ಜಡಿಯುತ್ತೇವೆ ಎಂದಿದ್ದಾರೆ. ಅಡ್ವಾನ್ಸ್ ಕೊಟ್ಟಿದ್ದು ಒಂದೂವರೆ ಲಕ್ಷ. ಕರಾರಿನಲ್ಲಿ ಬರೆದಿರುವುದು ಐವತ್ತು ಸಾವಿರ ಮಾತ್ರ. ಉಳಿದ ಒಂದು ಲಕ್ಷ ನಗದು.

ನಾನು ವಕೀಲನಲ್ಲ. ಶಿವಮೊಗ್ಗದಲ್ಲಿ ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಮಾಡುತ್ತೇನೆ, ವಿನೋಬನಗರದಲ್ಲಿ ಒಂದು ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ಎರಡೂ ಕಡೆಯ ಕಷ್ಟ ಗೊತ್ತು. ಅದಕ್ಕೇ ಒಂದು ಮಾತು ಮೊದಲೇ ಹೇಳುತ್ತೇನೆ. "ಕದಲಬೇಡಿ, ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆಯಬಹುದು" ಎಂದು ನಿಮ್ಮ ಪ್ರಶ್ನೆಗೆ ಒಂದಿಬ್ಬರು ಉತ್ತರ ಬರೆದಿದ್ದಾರೆ. ಆ ಸಲಹೆಯನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಕಾನೂನಿನಿಂದ ನಿಮಗೆ ಸಿಗುವುದು ಸ್ವಲ್ಪ ಸಮಯ ಮತ್ತು ಮರ್ಯಾದೆಯಿಂದ ಹೊರಡುವ ದಾರಿ. ಆ ಸಮಯವನ್ನು ಅಡ್ವಾನ್ಸ್ ವಸೂಲಿಗೆ ಬಳಸಿಕೊಳ್ಳಿ. ಜಾಗ ಉಳಿಸಿಕೊಳ್ಳುವ ಹಟಕ್ಕೆ ಬಿದ್ದರೆ ಕೊನೆಗೆ ಜಾಗವೂ ಹೋಗುತ್ತೆ, ದುಡ್ಡೂ ಕೈಗೆ ಬರೋದು ಕಷ್ಟ.

ಕರಾರು ಮುಗಿದ ಮೇಲೂ ಅವರು ಬಾಡಿಗೆ ತೆಗೆದುಕೊಳ್ಳುತ್ತಿದ್ದರು ಅಲ್ವಾ? ಹಾಗಿದ್ದರೆ ನೀವು ಅಕ್ರಮವಾಗಿ ಕೂತವರಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ಇದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. ಬಿಡಿಸಬೇಕಾದರೆ 15 ದಿನದ ನೋಟಿಸ್ ಕೊಡಬೇಕು. ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಅಂಗಡಿ ಮುಂದೆ ನಿಂತು ಕೂಗಾಡಿದರೆ ಅದು ನೋಟಿಸ್ ಆಗಲ್ಲ. ಆದರೆ ಇನ್ನೊಂದು ವಿಷಯವನ್ನು ಜನ ಹೇಳುವುದಿಲ್ಲ. ನೋಟಿಸಿನಲ್ಲಿ ನಾಲ್ಕು ದಿನ ಕಡಿಮೆ ಬಿತ್ತು ಅಂತ ಕೇಸು ಗೆಲ್ಲೋಕಾಗಲ್ಲ. 15 ದಿನ ಕಳೆದ ಮೇಲೆ ಮಾಲೀಕರು ದಾವೆ ಹಾಕಿದ್ದರೆ ಆ ತಪ್ಪನ್ನು ಕೋರ್ಟ್ ಹಿಡಿಯುವುದಿಲ್ಲ, 2002ರ ತಿದ್ದುಪಡಿಯಲ್ಲೇ ಹಾಗಿದೆ. ನೋಟಿಸಿನ ಗಡುವು ಮುಗಿದ ಮೇಲೂ ಕೂತರೆ, ಅಷ್ಟು ದಿನಕ್ಕೆ ಮಾರ್ಕೆಟ್ ದರದಲ್ಲಿ ನಷ್ಟ ಪರಿಹಾರ ಕೇಳುವ ಹಕ್ಕು ಅವರಿಗಿದೆ. ಬಾಡಿಗೆ ಕಾಯ್ದೆ ಕಾಪಾಡುತ್ತೆ ಅನ್ನೋ ನಂಬಿಕೆಯೂ ಬೇಡ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳಿಗೆ ಅನ್ವಯಿಸುವುದೇ ಇಲ್ಲ. ಅಂದರೆ ಸುಮಾರು 150 ಚದರ ಅಡಿ. ಅದಕ್ಕಿಂತ ಚಿಕ್ಕದಿದ್ದರೂ ಬಾಡಿಗೆ ಮೊತ್ತದ ಮಿತಿ ಬೇರೆ ಇದೆ, ಅದು ಈಗಿನ ಕಾಲಕ್ಕೆ ತೀರಾ ಕಡಿಮೆ.

ಇನ್ನು ಬೀಗದ ಬೆದರಿಕೆ. ಇದಕ್ಕೆ ಹೆದರಬೇಡಿ, ಆದರೆ ತಯಾರಾಗಿರಿ. ದುರ್ಗಿಗುಡಿಯಲ್ಲಿ ನನಗೆ ಪರಿಚಯದ ಟೈಲರ್ ಒಬ್ಬರಿಗೆ ಹೀಗೇ ಆಯಿತು. ಬೆಳಿಗ್ಗೆ ಹೋದರೆ ಶಟರ್‌ನ ಎಡಗಡೆ ಅವರ ಹಳೇ ಬೀಗ, ಬಲಗಡೆ ಹೊಸ ಬೀಗ. ಒಳಗೆ ಮದುವೆ ಸೀಸನ್ನಿನ ಬ್ಲೌಸುಗಳು. ಅವರು ಬೀಗ ಒಡೆಯಲಿಲ್ಲ. ಎರಡೂ ಬೀಗ ಒಟ್ಟಿಗೆ ಕಾಣುವ ಹಾಗೆ ಫೋಟೋ ತೆಗೆದರು, ಪಕ್ಕದ ಅಂಗಡಿಯವರನ್ನು ನಿಲ್ಲಿಸಿ ವಿಡಿಯೋ ಮಾಡಿದರು. ಠಾಣೆಗೆ ಹೋದಾಗ, ಇದು ಸಿವಿಲ್ ವಿಷಯ ಎಂದರು. ಆದರೂ ದೂರು ಬರೆದುಕೊಟ್ಟು, ದೂರು ತಲುಪಿದೆ ಅನ್ನೋ ಹಿಂಬರಹ ಹಾಕಿಸಿಕೊಂಡು ಬಂದರು. ಆ ಕಾಗದ ಹಿಡಿದು ವಕೀಲರ ಹತ್ತಿರ ಹೋದರು. ಕೋರ್ಟಿನ ಮೂಲಕವಲ್ಲದೆ ಬಲವಂತವಾಗಿ ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅದು. ಮಾಲೀಕ ಯಾರು ಅನ್ನೋ ಪ್ರಶ್ನೆ ಅಲ್ಲಿ ಬರೋದೇ ಇಲ್ಲ. ವಕೀಲರ ನೋಟಿಸಿನಲ್ಲಿ ಈ ಸೆಕ್ಷನ್ ಕಂಡ ಮೇಲೆ ಮಾಲೀಕರು ತಮ್ಮ ವಕೀಲರನ್ನು ಕೇಳಿದರು, ಬೀಗ ತೆರೆದರು. ನಿಮ್ಮ ವಿಷಯದಲ್ಲಿ ಬೀಗ ಬೀಳುವ ಮೊದಲೇ, ಕಾನೂನು ಬಿಟ್ಟು ಬೇರೆ ದಾರಿಯಲ್ಲಿ ತೆರವು ಮಾಡಿಸಬಾರದು ಅಂತ ತಡೆಯಾಜ್ಞೆ ಕೇಳಲೂಬಹುದು.

ಈಗ ಮುಖ್ಯವಾದ ದುಡ್ಡಿನ ವಿಷಯ. ಐವತ್ತು ಸಾವಿರಕ್ಕೆ ಕರಾರು ಇದೆ, ಚಿಂತೆ ಇಲ್ಲ. ಆದರೆ ಕರಾರಿನ ಹಿಂಭಾಗವನ್ನೂ ತಿರುಗಿಸಿ ನೋಡಿ. ಹಳೇ ಕಾಲದ ಮಾಲೀಕರು ಎಷ್ಟೋ ಸಲ ಛಾಪಾ ಕಾಗದದ ಹಿಂದೆ ಪೆನ್ನಲ್ಲಿ "ಮತ್ತೆ ಇಷ್ಟು ಸಂದಿದೆ" ಅಂತ ಬರೆದು ಸಹಿ ಹಾಕಿರುತ್ತಾರೆ. ಅದಿಲ್ಲದಿದ್ದರೆ, ಒಂದು ಲಕ್ಷ ನಗದು ಎಲ್ಲಿಂದ ಬಂತು ನೋಡಿ. ಬ್ಯಾಂಕಿನಿಂದ ತೆಗೆದಿದ್ದರೆ ಆ ದಿನದ ಸ್ಟೇಟ್‌ಮೆಂಟ್ ತೆಗೆಸಿ. ಸಂಘದ ಸಾಲವಾಗಿದ್ದರೆ ಪಾಸ್ ಪುಸ್ತಕದಲ್ಲಿ ದಿನಾಂಕ ಇರುತ್ತೆ. ಕೊಡುವಾಗ ಜೊತೆಗಿದ್ದವರ ಹೆಸರು ಬರೆದಿಡಿ. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಮಾಲೀಕರ ಮಕ್ಕಳೇ ಒಪ್ಪಿಕೊಂಡ ಮಾತು. ಜಗಳ ಜೋರಾಗುವ ಮೊದಲೇ ಮೊತ್ತ ಹಾಕಿ ಅವರಿಗೆ ಪತ್ರ ಬರೆಯಿರಿ. ಈಗ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಜೊತೆ ಸೇರಿದೆ. ಸ್ಪೀಡ್ ಪೋಸ್ಟಲ್ಲೇ ಕಳಿಸಿ ರಶೀದಿ ಇಟ್ಟುಕೊಳ್ಳಿ, ಅದೇ ಪತ್ರದ ಫೋಟೋ ವಾಟ್ಸಾಪಲ್ಲೂ ಹಾಕಿ. ನಾನಾದರೆ ಇಷ್ಟು ಬರೆಯುತ್ತೇನೆ:

"ಮಳಿಗೆ ಖಾಲಿ ಮಾಡುವಂತೆ ನೀವು ಬಾಯಿಮಾತಲ್ಲಿ ತಿಳಿಸಿದ್ದೀರಿ. ನಿಮ್ಮ ತಂದೆಯವರಿಗೆ ಅಡ್ವಾನ್ಸ್ ಆಗಿ ಒಟ್ಟು 1,50,000 ರೂಪಾಯಿ ಕೊಟ್ಟಿದ್ದೇನೆ. ಈ ತಿಂಗಳವರೆಗೆ ಬಾಡಿಗೆ ಬಾಕಿ ಇಲ್ಲ. ಮಾಲು ಸಾಗಿಸಲು ದೀಪಾವಳಿವರೆಗೆ ಸಮಯ ಕೊಡಬೇಕಾಗಿ ಕೋರುತ್ತೇನೆ. ಅಡ್ವಾನ್ಸ್ ಯಾವ ದಿನ ವಾಪಸ್ ಕೊಡುತ್ತೀರಿ ಎಂದು ಎಲ್ಲ ವಾರಸುದಾರರ ಸಹಿಯೊಂದಿಗೆ ತಿಳಿಸಿ. ಅದೇ ದಿನ ಬೀಗದ ಕೈ ಒಪ್ಪಿಸುತ್ತೇನೆ."

ದೀಪಾವಳಿ ಅಂತ ಬರೆಯಲು ಕಾರಣ ಇದೆ. ನಿಮ್ಮದು ಹಪ್ಪಳ ಸಂಡಿಗೆಯ ವ್ಯಾಪಾರ. ಜಡಿಮಳೆಯಲ್ಲಿ ಸಾಗಿಸಿದರೆ ಅರ್ಧ ಮಾಲು ಮೆತ್ತಗಾಗುತ್ತೆ. ಉಪ್ಪಿನಕಾಯಿಯ ಅಪ್ಪೆಮಿಡಿ ಈಗ ತಾನೇ ಭರಣಿಗೆ ಬಿದ್ದಿರುತ್ತೆ, ಅದನ್ನು ಅಲುಗಾಡಿಸೋ ಕಾಲವಲ್ಲ. ಇದು ಮಲೆನಾಡಿನ ಯಾವ ಮಾಲೀಕರಿಗೂ ಅರ್ಥವಾಗುವ ಮಾತು. ಸುಮ್ನೆ "ಟೈಮ್ ಕೊಡಿ" ಅನ್ನೋದಕ್ಕಿಂತ ಹೀಗೆ ಕಾರಣ ಕೊಟ್ಟು ಕೇಳಿದರೆ ಒಪ್ಪುವುದು ಸುಲಭ.

ವಾರಸುದಾರರು ಅಂತ ಬರೆದದ್ದೂ ಬೇಕೆಂದೇ. ತಂದೆ ವಿಲ್ ಬರೆಯದೆ ಹೋಗಿದ್ದರೆ ಹೆಂಡತಿಗೆ, ಹೆಣ್ಣುಮಕ್ಕಳಿಗೆ ಎಲ್ಲರಿಗೂ ಪಾಲಿದೆ. ನಾಳೆ ಅಕ್ಕ ತಂಗಿಯರು ಬಂದು "ನಮ್ಮನ್ನು ಕೇಳಲೇ ಇಲ್ಲ" ಅನ್ನಬಾರದು. ನಗರಸಭೆಯಲ್ಲಿ ಕಟ್ಟಡದ ಖಾತೆ ಯಾರ ಹೆಸರಿಗೆ ಬದಲಾಗಿದೆ ಎಂದು ವಿಚಾರಿಸಿ, ವಂಶವೃಕ್ಷದ ನಕಲು ಕೇಳಿ. ತಂದೆ ತೆಗೆದುಕೊಂಡ ದುಡ್ಡಿಗೆ ಮಕ್ಕಳು ಜವಾಬ್ದಾರರೇ, ಆದರೆ ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ. ನಿಮ್ಮ ವಿಷಯದಲ್ಲಿ ಕಟ್ಟಡವೇ ಇದೆಯಲ್ಲ, ಅದು ನಿಮಗೆ ಧೈರ್ಯ. ದಾವೆಗೆ ಮೂರು ವರ್ಷದ ಗಡುವು ಇರುತ್ತೆ, ಬಿಟ್ಟು ಹೋದ ಮೇಲೆ "ಕೊಡ್ತಾರೆ ಬಿಡು" ಅಂತ ಕಾಯಬೇಡಿ.

ಈ ಮಧ್ಯೆ ಬಾಡಿಗೆ ಮಾತ್ರ ನಿಲ್ಲಿಸಬೇಡಿ. ಅಡ್ವಾನ್ಸಲ್ಲಿ ಮುರಿದುಕೊಳ್ಳಲಿ ಅಂತ ನೀವೇ ತೀರ್ಮಾನ ಮಾಡಿದರೆ ಬಾಕಿದಾರರಾಗುತ್ತೀರಿ. ಅವರು ಬರಹದಲ್ಲಿ ಒಪ್ಪಿದರೆ ಆ ಮಾತು ಬೇರೆ. ನಮ್ಮ ಬೀದಿಯಲ್ಲಿ ಒಬ್ಬರು ಕೊನೆಯ ಐದು ತಿಂಗಳ ಬಾಡಿಗೆಯನ್ನು ಹಾಗೆ ಬರೆಸಿಕೊಂಡೇ ಮುರಿಸಿದರು, ಮಾಲೀಕರ ಕೈಯಲ್ಲಿ ನಗದು ಇರಲಿಲ್ಲ, ಇಬ್ಬರಿಗೂ ಅನುಕೂಲವಾಯಿತು. ನೀವೂ ಕೇಳಿ ನೋಡಬಹುದು.

ವಕೀಲರ ಫೀಸಿನ ಚಿಂತೆ ಬರೆದಿದ್ದೀರಿ. ಇದನ್ನು ಎಲ್ಲ ಹೆಣ್ಣುಮಕ್ಕಳೂ ತಿಳಿದಿರಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರಿಗೆ ಉಚಿತ ವಕೀಲರ ನೆರವು ಇದೆ, ಆದಾಯ ಎಷ್ಟೇ ಇರಲಿ. ಕರಾರು ನಿಮ್ಮ ಹೆಸರಲ್ಲಿದೆ, ಅರ್ಜಿ ನೀವೇ ಹಾಕಿ. ಸಾಗರದ ಕೋರ್ಟಿನಲ್ಲೇ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ಕೇಳಬಹುದು. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯ, ಅಂದರೆ ತೀರ್ಪಿನ ಬೆಲೆ ಇದೆ, ಮೇಲ್ಮನವಿ ಇಲ್ಲ. ನಿಮ್ಮಂಥ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುತ್ತಿಲ್ಲ. ದಿನಾಂಕ, ಮೊತ್ತ, ಬೀಗದ ಕೈ ಎಲ್ಲ ಒಂದೇ ಕಾಗದದಲ್ಲಿ ಬರುತ್ತೆ.

ಖಾಲಿ ಮಾಡುವ ದಿನ ಕರೆಂಟ್ ಮೀಟರಿನ ಫೋಟೋ ತೆಗೆದು ಮೆಸ್ಕಾಂ ಬಿಲ್ ಚುಕ್ತಾ ಮಾಡಿ. ಮನೆ ಬಾಡಿಗೆಗೆ ಕೊಟ್ಟವನಾಗಿ ಹೇಳುತ್ತೇನೆ, ಅಡ್ವಾನ್ಸ್ ಮುರಿಯುವ ಜಗಳ ಹೆಚ್ಚಾಗಿ ಶುರುವಾಗೋದೇ ಕರೆಂಟ್ ಬಿಲ್ ಮತ್ತು ಸುಣ್ಣಬಣ್ಣದಿಂದ. ಗೋಡೆ, ನೆಲ, ಶಟರ್ ಎಲ್ಲದರ ವಿಡಿಯೋ ಇರಲಿ. ದಿನಬಳಕೆಯ ಸವೆತಕ್ಕೆ ನೀವು ದುಡ್ಡು ಕೊಡಬೇಕಿಲ್ಲ.

ಹೊಸ ಜಾಗದ ಕರಾರಿನಲ್ಲಿ ಅಡ್ವಾನ್ಸ್ ಪೂರ್ತಿ ಬರೆಸಿ, ಬ್ಯಾಂಕಿನಲ್ಲೇ ಕೊಡಿ. ಹಂಚಿನ ಮಾಡಾದರೆ ಮಳೆಗೆ ಮುಂಚೆ ಹಂಚು ಕೈಯಾಡಿಸುವ ಖರ್ಚು ಯಾರದು ಎಂದು ಒಂದು ಸಾಲು ಹಾಕಿಸಿ. ಕರಾರಿನಲ್ಲಿ ಇಲ್ಲದಿದ್ದರೆ ರಿಪೇರಿ ಮಾಡಿಸಲೇಬೇಕು ಅಂತ ಮಾಲೀಕರನ್ನು ಹಿಡಿಯುವುದು ಕಷ್ಟ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯಾದರೆ ರಿಜಿಸ್ಟರ್ ಮಾಡಿಸಲೇಬೇಕು. ಖರ್ಚಾದರೂ ಮಾಡಿಸಿ, ಅವಧಿಯ ಭದ್ರತೆ ಸಿಗುವುದು ಅದರಲ್ಲೇ. ಆಹಾರ ಪರವಾನಗಿ ಹೊಸ ವಿಳಾಸಕ್ಕೆ ಬೇಕಾಗುತ್ತೆ. ಜಿಎಸ್‌ಟಿ ಇದ್ದರೆ 15 ದಿನದೊಳಗೆ ವಿಳಾಸ ಬದಲಾವಣೆಯ ಅರ್ಜಿ ಹಾಕಬೇಕು.

ಆ ಒಂದು ಲಕ್ಷ ಕೊಟ್ಟ ದಿನ ಯಾರಿದ್ದರು, ದುಡ್ಡು ಎಲ್ಲಿಂದ ತೆಗೆದಿದ್ದು ಅನ್ನುವುದನ್ನು ಇಲ್ಲಿ ಬರೆಯಬೇಡಿ. ಒಂದು ಹಾಳೆಯಲ್ಲಿ ಬರೆದು ನೇರವಾಗಿ ವಕೀಲರಿಗೇ ಕೊಡಿ. ಸಮಿತಿಯಲ್ಲಿ ಅರ್ಜಿ ಹಾಕಿದ ಮೇಲೆ ಏನಾಯಿತು ಅಂತ ಮಾತ್ರ ತಿಳಿಸಿ, ಹೊಸನಗರ, ಸೊರಬದ ಕಡೆಯವರೂ ಇದನ್ನೇ ಕೇಳುತ್ತಿದ್ದಾರೆ.