ಹಳೆಯ ಗ್ಯಾಸ್ ಗ್ರಿಲ್‌ನ ಮುಚ್ಚಳ, ನಾಬ್, ಮರದ ಪಟ್ಟಿಗಳಿಗೆ ಮತ್ತೆ ಕಳೆ ತರುವುದು ಹೇಗೆ?

ಪ್ರಶ್ನೆ: ಬೆಣ್ಣೆನಗರಿ, ದಾವಣಗೆರೆ

ನಮ್ಮ ಭಾವನವರು ಅಮೆರಿಕದಿಂದ ಊರಿಗೆ ಮರಳುವಾಗ ಮನೆ ಸಾಮಾನುಗಳ ಜೊತೆ ತಂದಿದ್ದ ಗ್ಯಾಸ್ ಗ್ರಿಲ್ ಹಲವು ವರ್ಷಗಳಿಂದ ವಿದ್ಯಾನಗರದ ನಮ್ಮ ಮನೆಯ ತಾರಸಿಯ ಮೇಲೆ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದೆ. ಬರ್ನರ್, ಪೈಪು, ರೆಗ್ಯುಲೇಟರ್‌ಗಳನ್ನು ಬಲ್ಲವರಿಂದ ನಮ್ಮ ಸಿಲಿಂಡರಿಗೆ ಹೊಂದುವಂತೆ ಸರಿಪಡಿಸಿಕೊಂಡಾಗಿದೆ. ಮೆಕ್ಕೆಜೋಳದ ತೆನೆಗಳು ಅದರಲ್ಲಿ ಚೆನ್ನಾಗಿಯೇ ಸುಡುತ್ತವೆ. ಆದ್ದರಿಂದ ನನ್ನ ಪ್ರಶ್ನೆ ಅದರ ಅಂದಚೆಂದಕ್ಕೆ ಮಾತ್ರ ಸಂಬಂಧಿಸಿದ್ದು.

ಮುಚ್ಚಳದ ಕಪ್ಪು ಬಣ್ಣ ಬೂದಿಗೆ ತಿರುಗಿದ್ದು, ಒಳಮೈಯಿಂದ ಪೇಂಟ್ ಹಕ್ಕಳೆ ಹಕ್ಕಳೆಯಾಗಿ ಎದ್ದು ಉದುರುತ್ತಿದೆ. ಮುಂಭಾಗದ ಸ್ಟೀಲ್ ತಗಡಿನ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕಲೆಗಳೊಂದಿಗೆ ಕಂದು ಚುಕ್ಕೆಗಳೂ ಎದ್ದಿವೆ. ನಾಬ್‌ಗಳ ಮೇಲಿನ ಗುರುತು ಅಳಿಸಿಹೋಗಿ, ಉರಿ ಹೆಚ್ಚೋ ಕಡಿಮೆಯೋ ಎಂಬುದನ್ನು ಬಗ್ಗಿ ನೋಡಿಯೇ ತಿಳಿಯಬೇಕಾಗಿದೆ. ಪಕ್ಕದ ಮರದ ಪಟ್ಟಿಗಳು ಬಿಳಿಚಿಕೊಂಡಿವೆ. ಎಲ್ಲವನ್ನೂ ಬಿಚ್ಚಿ ಒಟ್ಟಿಗೆ ಪೌಡರ್ ಕೋಟಿಂಗ್‌ಗೆ ಕೊಟ್ಟುಬಿಡಿ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಅದು ಸರಿಯಾದ ದಾರಿಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೋಟೆಯೂರಿನವ, ಚಿತ್ರದುರ್ಗ

ಯಾವುದನ್ನೂ ಅಂಗಡಿಗೆ ಒಯ್ಯುವ ಮುನ್ನ ಒಂದು ಅಯಸ್ಕಾಂತವನ್ನು ಮುಚ್ಚಳಕ್ಕೆ ಹಿಡಿದು ನೋಡಿ. ಅಂಟದಿದ್ದರೆ ಅದು ಎರಕದ ಅಲ್ಯೂಮಿನಿಯಂ, ಮೇಲಿರುವುದು ಪೇಂಟ್. ಅಂಟಿಕೊಂಡು, ಮೇಲ್ಮೈ ಗಾಜಿನ ಹೊಳಪು ಹೊಂದಿದ್ದರೆ ಅದು ಉಕ್ಕಿನ ತಗಡಿನ ಮೇಲೆ ಭಾರೀ ಶಾಖದಲ್ಲಿ ಕೂರಿಸಿದ ಎನಾಮಲ್. ಅದರ ಮೇಲೆ ಹೊಡೆದ ಪೇಂಟ್ ಬಾಳುವುದಿಲ್ಲವಾದ್ದರಿಂದ ತೊಳೆದು, ಹೊರಗೆ ಚಕ್ಕೆ ಎದ್ದ ಕಡೆ ಮಾತ್ರ ತುಕ್ಕು ಹಬ್ಬದಂತೆ ಶಾಖ ತಡೆಯುವ ಪೇಂಟನ್ನು ಚುಕ್ಕೆಯಷ್ಟು ಹಚ್ಚಿದರೆ ಸಾಕು.

ಒಳಮೈಯಿಂದ ಉದುರುತ್ತಿರುವುದು ಪೇಂಟ್ ಅಲ್ಲವೆಂದೇ ನನ್ನ ಅನಿಸಿಕೆ. ಸಾಮಾನ್ಯವಾಗಿ ಇಂತಹ ಮುಚ್ಚಳಗಳ ಒಳಗೆ ಪೇಂಟ್ ಹೊಡೆದಿರುವುದಿಲ್ಲ. ಎಣ್ಣೆ, ಬೆಣ್ಣೆಗಳ ಹೊಗೆ ಅಲ್ಲಿ ತಣಿದು ಪದರಗಟ್ಟಿ, ಮತ್ತೆ ಮತ್ತೆ ಕಾದು ಕರಿಯಾಗಿ, ಕಡೆಗೆ ಕಪ್ಪು ಹಕ್ಕಳೆಯಾಗಿ ಕಳಚುತ್ತದೆ. ಒಂದು ಹಕ್ಕಳೆಯನ್ನು ಬೆರಳುಗಳ ನಡುವೆ ಉಜ್ಜಿದಾಗ ಅದು ಪುಡಿಯಾಗಿ ಕೈಗೆ ಮಸಿ ಹತ್ತಿದರೆ ಜಿಡ್ಡಿನ ಕರಿ ಎಂದೇ ತಿಳಿಯಿರಿ. ಮರದ ಸವುಟಿನ ಅಂಚಿನಿಂದ ಕೆರೆದು, ಬಿಸಿ ಸೋಪು ನೀರಿನಲ್ಲಿ ತೊಳೆದರೆ ಸಾಕಾಗುತ್ತದೆ. ಕಾಸ್ಟಿಕ್ ಸೋಡಾ ಬೆರೆತ ದ್ರಾವಣಗಳನ್ನು ಮಾತ್ರ ಹತ್ತಿರಕ್ಕೂ ತರಬೇಡಿ, ಏಕೆಂದರೆ ಅವು ಅಲ್ಯೂಮಿನಿಯಂ ಅನ್ನೇ ತಿನ್ನುತ್ತವೆ. ತೊಳೆದ ಮೇಲೆ ಒಳಮೈ ಎಷ್ಟೇ ಮಂಕಾಗಿ ಕಂಡರೂ ಅಲ್ಲಿಗೆ ಪೇಂಟ್ ಬೇಡ. ಕೆಳಗೆ ಇರುವುದು ನಾವು ತಿನ್ನುವ ಪದಾರ್ಥ.

ಹೊರಮೈಯಲ್ಲಿ ಹಳೆಯ ಪೇಂಟ್ ಬಿಗಿಯಾಗಿ ಹಿಡಿದಿದ್ದರೆ ಪೂರ್ತಿ ಕೀಳಬೇಕಾಗಿಲ್ಲ. 320ನೇ ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಥಿನ್ನರ್ ಹಾಕಿದ ಬಟ್ಟೆಯಿಂದ ಜಿಡ್ಡು ಒರೆಸಿ, ಹೆಸರಿನ ಬಿಲ್ಲೆಗೂ ಥರ್ಮಾಮೀಟರಿಗೂ ಟೇಪ್ ಅಂಟಿಸಿ. ಗೇಟಿಗೆ ಹೊಡೆಯುವ ಪೇಂಟ್ ಈ ಶಾಖಕ್ಕೆ ಬೊಬ್ಬೆ ಏಳುತ್ತದೆ; ಬೈಕಿನ ಸೈಲೆನ್ಸರಿಗೆ ಹೊಡೆಯುವ, 600 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆಂದು ಡಬ್ಬಿಯ ಮೇಲೆ ಬರೆದಿರುವ ಮ್ಯಾಟ್ ಕಪ್ಪು ಸ್ಪ್ರೇ ಬೇಕು. ಒಮ್ಮೆಗೇ ದಪ್ಪನಾಗಿ ಹೊಡೆದರೆ ಇಳಿಯುತ್ತದೆ, ಆದ್ದರಿಂದ ತೆಳುವಾಗಿ, ಬಿಡುವು ಕೊಟ್ಟು, ಎರಡು ಮೂರು ಕೈ ಹೊಡೆಯಿರಿ. ನಮ್ಮ ಕಡೆಯ ಗಾಳಿಯನ್ನೂ ಧೂಳನ್ನೂ ನೀವು ಬಲ್ಲಿರಿ. ಬೆಳಗಿನ ಹೊತ್ತೇ ಈ ಕೆಲಸಕ್ಕೆ ವಾಸಿ. ಈ ಬಗೆಯ ಪೇಂಟ್ ಒಣಗಿದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ, ಬಿಸಿಯಾಗಬೇಕು. ಡಬ್ಬಿಯ ಮೇಲಿನ ಸೂಚನೆಯಂತೆ ಖಾಲಿ ಗ್ರಿಲ್ಲನ್ನು ಮೊದಲು ಸಣ್ಣ ಉರಿಯಲ್ಲಿ, ಆಮೇಲೆ ದೊಡ್ಡ ಉರಿಯಲ್ಲಿ ಕಾಯಿಸಿ, ವಾಸನೆ ಪೂರ್ತಿ ನಿಂತ ಮೇಲೆಯೇ ತೆನೆ ಇಡಿ.

ಉತ್ತರ: ಅಡಕೆ ತೋಟದ ಮನೆ, ಚನ್ನಗಿರಿ

ಮುಚ್ಚಳದ ವಿಷಯವನ್ನು ದುರ್ಗದವರು ಹೇಳಿಯಾಗಿದೆ. ಮರದ ಪಟ್ಟಿಗಳಿಗೆ ವಾರ್ನಿಷ್ ಹಚ್ಚಬೇಡಿ, ತಾರಸಿಯ ಬಿಸಿಲಿಗೆ ಅದು ಸಿಪ್ಪೆ ಏಳುತ್ತದೆ. ಮೊದಲು 120, ನಂತರ 220ನೇ ನಂಬರಿನ ಉಪ್ಪುಕಾಗದವನ್ನು ಎಳೆಯ ಗುಂಟ ಉಜ್ಜಿದರೆ ಮೇಲಿನ ಬೂದಿ ಪದರ ಹೋಗಿ ಒಳಗಿನ ಬಣ್ಣ ಕಾಣಿಸುತ್ತದೆ. ಆಗ ಪೇಂಟ್ ಅಂಗಡಿಯಲ್ಲಿ ಸಿಗುವ, ಬೇಗ ಒಣಗುವಂತೆ ಮಾಡಿದ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ಹಚ್ಚಿ, ಮರ ಹೀರದೆ ಉಳಿಸಿದ್ದನ್ನು ಒರೆಸಿ ತೆಗೆಯಿರಿ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಕೂಡದು. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುವುದರಿಂದ ಮುದ್ದೆಯಾದ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಬಯಲಿನಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ನಾಬ್‌ಗಳ ಗುರುತು ಕೊರೆದದ್ದೇ ಅಥವಾ ಬರೀ ಅಚ್ಚೇ ಎಂಬುದನ್ನು ಉಗುರಿನಿಂದ ತಡವಿ ನೋಡಿ. ಕೊರೆದ ಗೆರೆ ಇದ್ದರೆ ಅದರೊಳಗೆ ಬಿಳಿ ಅಕ್ರಿಲಿಕ್ ಬಣ್ಣ ತುಂಬಿ, ಹಸಿಯಿರುವಾಗಲೇ ಮೇಲ್ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಗೆರೆಯಲ್ಲಿ ಮಾತ್ರ ಬಣ್ಣ ಉಳಿಯುತ್ತದೆ. ಬರೀ ಅಚ್ಚಾಗಿದ್ದರೆ ಹೊಸ ನಾಬ್‌ಗಳನ್ನೇ ಕೊಳ್ಳುವುದು ಒಳ್ಳೆಯದು. ಆದರೆ ನಾಬ್ ಕೂರುವ ಕಡ್ಡಿಯ ದಪ್ಪವನ್ನಷ್ಟೇ ಅಳೆದರೆ ಸಾಲದು, ಅದರ ಚಪ್ಪಟೆ ಬದಿ ಮೇಲಿದೆಯೋ ಕೆಳಗಿದೆಯೋ ಎಂಬುದನ್ನೂ ಗುರುತಿಸಿಕೊಂಡು ಹೋಗಿ. ಅದು ತಿರುಗುಮುರುಗಾದರೆ ಗ್ಯಾಸ್ ಬಂದ್ ಆಗಿದೆ ಎಂದು ನಾಬ್ ತೋರಿಸುವ ಜಾಗವೇ ಸುಳ್ಳಾಗುತ್ತದೆ.

ಮರುಪ್ರಶ್ನೆ: ಬೆಣ್ಣೆನಗರಿ

ಇಬ್ಬರಿಗೂ ಧನ್ಯವಾದಗಳು. ಮುಚ್ಚಳಕ್ಕೆ ಅಯಸ್ಕಾಂತ ಅಂಟಲಿಲ್ಲ, ಹಕ್ಕಳೆಯೂ ಉಜ್ಜಿದೊಡನೆ ಪುಡಿಯಾಯಿತು. ಮುಂಭಾಗದ ತಗಡಿಗೆ ಮಾತ್ರ ಅದು ಗಟ್ಟಿಯಾಗಿ ಅಂಟಿಕೊಂಡಿತು. ಹಾಗಾದರೆ ಅದು ಸ್ಟೇನ್‌ಲೆಸ್ ಸ್ಟೀಲ್ ಅಲ್ಲವೇ? ಬರ್ನರ್ ಬಳಿ ಅದು ನೀಲಿಗಟ್ಟಿಯೂ ಇದೆ.

ಉತ್ತರ: ಹೊಳೆ ದಂಡೆಯವ, ಹರಿಹರ

ಅಯಸ್ಕಾಂತ ಅಂಟಿದ ಮಾತ್ರಕ್ಕೆ ಸ್ಟೇನ್‌ಲೆಸ್ ಅಲ್ಲವೆನ್ನಲಾಗದು. 430 ಎಂಬ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ಗೆ ಅಯಸ್ಕಾಂತ ಅಂಟುತ್ತದೆ. ಪಾತ್ರೆಗಳಿಗೆ ಬಳಸುವ 304ರಲ್ಲಿ ಇರುವಷ್ಟು ನಿಕಲ್ ಇದರಲ್ಲಿ ಇರುವುದಿಲ್ಲ, ತುಕ್ಕನ್ನೂ ಅದರಷ್ಟು ತಡೆಯುವುದಿಲ್ಲ. ಬಿಳಿ ಕಲೆಗಳಿಗೆ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿದ ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಹೊದಿಸಿಟ್ಟು ಒರೆಸಿ. ಕಂದು ಚುಕ್ಕೆಗಳನ್ನು ಹಸಿರು ಸ್ಕ್ರಬ್ಬರಿನಿಂದ ತಗಡಿನ ಗೆರೆಗಳು ಓಡುವ ದಿಕ್ಕಿನಲ್ಲಿಯೇ ಉಜ್ಜಬೇಕು. ಗುಂಡಗೆ ಉಜ್ಜಿದ ಗೀರು ಮತ್ತೆ ಮಾಯುವುದಿಲ್ಲ. ಕಬ್ಬಿಣದ ನಾರು ಬಳಸಿದರೆ ಅದರ ಸಣ್ಣ ಚೂರುಗಳು ಅಲ್ಲೇ ಉಳಿದು ತಾವೇ ತುಕ್ಕು ಹಿಡಿಯುತ್ತವೆ. ಬಚ್ಚಲು ತೊಳೆಯುವ ಆ್ಯಸಿಡ್ಡಂತೂ ಸರ್ವಥಾ ಬೇಡ. ನೀಲಿ ಬಣ್ಣ ಶಾಖಕ್ಕೆ ಮೂಡುವ ತೆಳ್ಳನೆಯ ಪೊರೆ. ಪಾಲಿಶ್ ಮಾಡಿದರೆ ಹೋಗುತ್ತದೆ, ಮುಂದಿನ ಸಲ ಕಾದಾಗ ಮತ್ತೆ ಬರುತ್ತದೆ. ನಾನಾಗಿದ್ದರೆ ಹಾಗೆಯೇ ಬಿಡುತ್ತಿದ್ದೆ.

ಪೌಡರ್ ಕೋಟಿಂಗ್ ಕೆಳಗಿನ ಸ್ಟ್ಯಾಂಡಿಗೆ ಯೋಗ್ಯ, ಅಲ್ಲಿಗೆ ಅದಕ್ಕಿಂತ ಗಟ್ಟಿಯಾದದ್ದು ಸಿಗುವುದೂ ಕಷ್ಟ. ಆದರೆ ಸಾಮಾನ್ಯ ಪೌಡರ್ ಅನ್ನು ಭಟ್ಟಿಯಲ್ಲಿ ಬೇಯಿಸುವುದೇ ಸುಮಾರು 200 ಡಿಗ್ರಿಯಲ್ಲಿ. ಗ್ರಿಲ್‌ನ ಮುಚ್ಚಳ ಅದನ್ನೂ ಮೀರಿ ಕಾಯುವುದರಿಂದ ಅಲ್ಲಿ ಅದು ಬಣ್ಣಗೆಟ್ಟು ಬಿರಿಯುತ್ತದೆ.

ಪೇಂಟಿಗಾಗಿ ಮುಚ್ಚಳ ಬಿಚ್ಚಿದಾಗ ಥರ್ಮಾಮೀಟರನ್ನೂ ಹೊರತೆಗೆದು, ಅದರ ಕಡ್ಡಿಯನ್ನು ಮಾತ್ರ ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ನಿಮ್ಮಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಅಮೆರಿಕದ ಮಾಪಕದಲ್ಲಿ ಫ್ಯಾರನ್‌ಹೀಟ್ ಇದ್ದರೆ ಮುಳ್ಳು 208ರ ಹತ್ತಿರ ನಿಲ್ಲಬೇಕು. ಅಲ್ಲಿಗೆ ಬಾರದಿದ್ದರೆ ಗಾಜು ಉಜ್ಜುತ್ತಾ ಕೂರುವ ಬದಲು, ಮುಚ್ಚಳದ ರಂಧ್ರದ ಅಳತೆ ತೆಗೆದು ಹೊಸದನ್ನೇ ತರಿಸಿಕೊಳ್ಳಿ.